ಜೋಡಿಸುವುದು ಮತ್ತು ಸಂಘಟಿಸುವುದು

ಪದವಿ ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: 'ಸಾರ್, ಅರೇಂಜ್ ಅಂದ್ರೂ ಆರ್ಗನೈಸ್ ಅಂದ್ರೂ ಒಂದೇ ಅಲ್ವಾ?' ಹೆಚ್ಚುಕಡಿಮೆ ಒಂದೇ ಅಂತ ಹೇಳಿ ಪಾಠ ಮುಂದುವರಿಸಿದೆ. ಆ ಉತ್ತರ ತಪ್ಪು ಅಂತ ಈಗ ಅನ್ನಿಸುತ್ತಿದೆ. ದಲಿತ ವಿಮರ್ಶೆಯ ಇಕ್ಕಟ್ಟೊಂದು ಈ ಎರಡು ಕ್ರಿಯಾಪದಗಳ ನಡುವೆಯೇ ಇದೆ.

ಅರೇಂಜ್ ಹಳೆಯ ಫ್ರೆಂಚಿನಿಂದ ಬಂದ ಮಾತು. ಸಾಲಿನಲ್ಲಿಡು ಎಂಬುದು ಅದರ ಮೂಲಾರ್ಥ. ರ‍್ಯಾಂಕ್ ಅದರ ದಾಯಾದಿ. ನಮ್ಮಲ್ಲಿ ಇದಕ್ಕೆ ಪಂಕ್ತಿ ಅನ್ನುತ್ತಾರೆ. ಪಂಕ್ತಿಯಲ್ಲಿ ಯಾರು ಎಲ್ಲಿ ಕೂರಬೇಕೆಂದು ತೀರ್ಮಾನಿಸುವವನು ಬೇರೆ, ಕೂರುವವನು ಬೇರೆ. ಆರ್ಗನೈಸ್‌ನ ಬೇರು ಗ್ರೀಕಿನ ಆರ್ಗನಾನ್, ಅಂದರೆ ಸಲಕರಣೆ, ಅಂಗ. ಇದಕ್ಕೆ ಕರ್ಮಪದ ಬೇಕೇ ಬೇಕು ಅಂತಿಲ್ಲ. ಕಾರ್ಮಿಕರು ಆರ್ಗನೈಸ್ ಆದರು ಎಂದರೆ ಇಂಗ್ಲಿಷಿನಲ್ಲೂ ವಾಕ್ಯ ಮುಗಿಯಿತು. ಮಾಡಿದವರೂ ಅವರೇ, ಆದವರೂ ಅವರೇ. 1942ರ ಜುಲೈನಲ್ಲಿ ನಾಗಪುರದ ದಲಿತ ವರ್ಗಗಳ ಸಮ್ಮೇಳನದಲ್ಲಿ ಅಂಬೇಡ್ಕರ್ ಕಡೆಯ ಬುದ್ಧಿಮಾತಾಗಿ ಕೊಟ್ಟ ಮೂರು ಕ್ರಿಯಾಪದಗಳಲ್ಲಿ ಇದೂ ಒಂದು. ಅಲ್ಲೂ ಅದಕ್ಕೆ ಕರ್ಮಪದವಿಲ್ಲ.

ಹಾಗಂತ ಅಂಗದ ರೂಪಕವನ್ನು ಸುಮ್ಮನೆ ನಂಬುವಂತಿಲ್ಲ. ಪುರುಷಸೂಕ್ತವೂ ಸಮಾಜವನ್ನು ದೇಹವೆಂದೇ ಕಾಣಿಸುತ್ತದೆ: ಬಾಯಿ, ತೋಳು, ತೊಡೆ, ಪಾದ. ಅಸ್ಪೃಶ್ಯರಿಗೆ ಅಲ್ಲಿ ಪಾದವೂ ಸಿಗಲಿಲ್ಲ. ಜಾತಿ ಎಂಬ ಅರೇಂಜ್‌ಮೆಂಟು ಜೀವಂತ ದೇಹದ ವೇಷ ಹಾಕಿಕೊಂಡು ಬಂದದ್ದು ಹೀಗೆ.

ಕನ್ನಡದ ಸಂದರ್ಭಕ್ಕೆ ಬರೋಣ. 1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೊಡಿ ಅಂತ ಕೇಳಿದರು, ಕೊಡಲಿಲ್ಲ. ಕೇಳಿದ್ದು ಪಂಕ್ತಿಯಲ್ಲಿ ಒಂದು ಎಲೆಯನ್ನು. ಅದು ಸಿಗದೆ ಹೋದಾಗ ಅದೇ ಮಾರ್ಚಿನಲ್ಲಿ ಲೇಖಕರು ಬೆಂಗಳೂರಿನಲ್ಲಿ ತಾವೇ ಸಮ್ಮೇಳನ ನಡೆಸಿದರು. ಬಂಡಾಯ ಸಾಹಿತ್ಯ ಸಂಘಟನೆ ಎಂಬ ಹೆಸರಿನಲ್ಲೇ ಆ ಎರಡನೆಯ ಕ್ರಿಯಾಪದವಿದೆ.

ಆಮೇಲೆ ನಮ್ಮ ವಿಮರ್ಶೆ ಮಾಡಿದ್ದೇನು? ನವೋದಯ, ಪ್ರಗತಿಶೀಲ, ನವ್ಯ, ದಲಿತ-ಬಂಡಾಯ ಅಂತ ಮತ್ತೆ ಸಾಲು ಹಾಕಿತು. ನಾನೂ ಬೋರ್ಡಿನ ಮೇಲೆ ಹಾಗೇ ಬರೆದಿದ್ದೇನೆ. ಪರೀಕ್ಷೆಗೆ ಅನುಕೂಲ. ಆದರೆ ಸಾಲಿನಲ್ಲಿಟ್ಟ ಪುಸ್ತಕ ಪಕ್ಕದ ಪುಸ್ತಕವನ್ನು ಅಲುಗಾಡಿಸುವುದಿಲ್ಲ. 1965ರ 'ಸಂಸ್ಕಾರ'ವನ್ನೇ ತಗೊಳ್ಳಿ. ಅಗ್ರಹಾರದ ಒಂದು ಹೆಣದ ಧರ್ಮಸಂಕಟವನ್ನು ತಲೆಮಾರುಗಟ್ಟಲೆ ಚರ್ಚಿಸಿದೆವು. ಅದೇ ಕಾದಂಬರಿಯ ಹೊಲಗೇರಿಯಲ್ಲಿ ಗುಡಿಸಲ ಸಮೇತ ಸುಟ್ಟ ಹೆಣಗಳಿಗೆ ಸಂಸ್ಕಾರದ ಪ್ರಶ್ನೆಯೇ ಇರಲಿಲ್ಲವಲ್ಲ, ಅದೆಷ್ಟು ಜನರಿಗೆ ಪ್ರಶ್ನೆಯಾಗಿ ಕಂಡಿತು? ದಲಿತ ಓದು ಸಂಘಟನೆಗೊಳ್ಳುವುದೆಂದರೆ ಈ ಹೆಣಗಳು ಆ ಹೆಣದ ಅರ್ಥವನ್ನು ಬದಲಾಯಿಸುವುದು.

ಈ ವಿಶೇಷಾಂಕವೂ ಒಂದು ಎಲೆಯಾಗಿ ಉಳಿಯುವ ಅಪಾಯವಿದೆ. ಮುಂದಿನ ಸಾಮಾನ್ಯ ಸಂಚಿಕೆಯಲ್ಲಿ ನವ್ಯದ ಬಗ್ಗೆ ಬರೆಯುವವರು ಇದನ್ನು ಓದಿ ಬರೆದಾರೇ ಎಂಬುದನ್ನು ಕಾದು ನೋಡಬೇಕು. ಆ ಹುಡುಗಿಗಂತೂ ನಾಳೆ ಕ್ಲಾಸಿನಲ್ಲಿ ನನ್ನ ಉತ್ತರ ತಿದ್ದಿ ಹೇಳುತ್ತೇನೆ.