ಮೊದಲ ಪಾಠದಲ್ಲಿ ಇಲ್ಲದ ಅವರು

ಇಂಗ್ಲಿಷ್ ಕಲಿಸುವ ಪುಸ್ತಕಗಳನ್ನು ಯಾರೂ ವಿಮರ್ಶೆ ಮಾಡುವುದಿಲ್ಲ. ಕವಿತೆಗೆ, ಕಾದಂಬರಿಗೆ ವಿಮರ್ಶಕರಿದ್ದಾರೆ. ಇಷ್ಟು ದಿನಗಳಲ್ಲಿ ಇಂಗ್ಲಿಷ್ ಕಲಿಯಿರಿ ಎನ್ನುವ ಜಾತಿಯ ಪುಸ್ತಕಕ್ಕೆ ಮಾತ್ರ ಬೆಲೆಯೊಂದು ಬಿಟ್ಟರೆ ಬೇರೆ ಅಳತೆಗೋಲಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಕಾದಂಬರಿಗಿಂತ ಹೆಚ್ಚು ಬಾರಿ ತೆರೆದು ಮುಚ್ಚಿದ ಪುಸ್ತಕ ಅದೇ. ನಮ್ಮ ಮನೆಯಲ್ಲೂ ಒಂದಿದೆ. ಅಮ್ಮ ಇಲ್ಲಿಗೆ ಹೊರಡುವ ಮೊದಲು ತಿಪಟೂರಿನ ಬಸ್ ಸ್ಟ್ಯಾಂಡ್ ಹತ್ತಿರ ಕೊಂಡದ್ದು. ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕ ಇಟ್ಟು ತಂದದ್ದರಿಂದ ಅದರ ಹಾಳೆಗಳಿಗೆ ಇನ್ನೂ ಇಂಗಿನ ವಾಸನೆ ಇದೆ. ಆ ಪುಸ್ತಕವನ್ನು, ಅದರ ಜೊತೆಗೆ ಅದರ ಬಂಧುಬಳಗವನ್ನು, ಇಲ್ಲಿ ಸ್ವಲ್ಪ ವಿಚಾರಿಸಿಕೊಳ್ಳಬೇಕೆಂದಿದ್ದೇನೆ.

ನಾವಿರುವುದು ಕ್ರಾನ್‌ಬರ್ನ್‌ನಲ್ಲಿ. ಮೆಲ್ಬರ್ನ್ ನಗರದಿಂದ ಆಗ್ನೇಯಕ್ಕೆ 40 ಕಿಲೋಮೀಟರಿಗೂ ಹೆಚ್ಚು ದೂರ. ಪ್ರಯಾಣಿಕರ ರೈಲಿಗೆ ಇದೇ ಕೊನೆಯ ನಿಲ್ದಾಣ. ಅಪ್ಪ ತೀರಿಕೊಂಡ ಮರುವರ್ಷ ಅಮ್ಮ ಬಂದಳು. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಸಂಜೆಯವರೆಗೆ ಅವಳು, ಆ ಪುಸ್ತಕ, ಮತ್ತು ಕಿಟಕಿಯಾಚೆಯ ಖಾಲಿ ರಸ್ತೆ. ಸರ್ಕಾರದ ಉಚಿತ ಇಂಗ್ಲಿಷ್ ತರಗತಿ ಸಂದರ್ಶಕ ವೀಸಾದಲ್ಲಿ ಬಂದವರಿಗೆ ಸಿಗುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಸಮುದಾಯ ಕೇಂದ್ರವೊಂದರಲ್ಲಿ ನಡೆಯುವ ಪಾಠಕ್ಕೆ ಸೇರಿಸಿದೆ.

ಒಂದು ದಿನ ಮಂಡಿನೋವಿಗೆಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಹೊಸ ರೋಗಿಯ ಫಾರಂ ತುಂಬಿಸಿಕೊಳ್ಳುತ್ತಿದ್ದ ಹುಡುಗಿ ಗಂಡನ ಬಗ್ಗೆ ಕೇಳಿದಳು. ಅಮ್ಮ ನಾನು ಬಾಯಿ ತೆರೆಯುವ ಮೊದಲೇ, ತಯಾರಿ ಮಾಡಿಕೊಂಡು ಬಂದವಳಂತೆ, 'ದೇ ಎಕ್ಸ್‌ಪೈರ್ಡ್' ಎಂದಳು. ಹುಡುಗಿ ಅಮ್ಮ ಕೊಟ್ಟಿದ್ದ ಕಾಗದಗಳನ್ನು ತಿರುವಿ ನೋಡಿ, ಯಾವುದರ ಅವಧಿ ಮುಗಿದಿದೆ, ವಿಮೆಯದೋ ಪಾಸ್‌ಪೋರ್ಟಿನದೋ ಎಂದು ಕೇಳಿದಳು. ಅವಳದೇನೂ ತಪ್ಪಿಲ್ಲ, ಆ ವಾಕ್ಯಕ್ಕೆ ಇಲ್ಲಿ ಅದೇ ಅರ್ಥ. ನಾನು ಮಧ್ಯೆ ಬಾಯಿ ಹಾಕಿ ಸರಿಪಡಿಸಿದೆ. ಉಳಿದ ಪ್ರಶ್ನೆಗಳಿಗೂ ನಾನೇ ಉತ್ತರ ಕೊಟ್ಟೆ. ಅಮ್ಮ ಆಮೇಲೆ ಮಾತಾಡಲಿಲ್ಲ.

ರಾತ್ರಿ ಪುಸ್ತಕ ತಂದು ಮುಂದೆ ಹಿಡಿದಳು. 'ನೋಡು, ಹಿ ಅಂದ್ರೆ ಅವನು ಅಂತ ಬರ್ದಿದಾರೆ. ನಿಮ್ಮಪ್ಪನ್ನ ನಾನು ಅವನು ಅನ್ನಬೇಕಿತ್ತಾ?'

ಪಟ್ಟಿ ಎಲ್ಲ ಪುಸ್ತಕಗಳಲ್ಲಿರುವಂಥದ್ದೇ. ಐ ಎಂದರೆ ನಾನು, ಯು ಎಂದರೆ ನೀನು, ಹಿ ಅವನು, ಷಿ ಅವಳು, ದೇ ಅವರು. ಲೆಕ್ಕಕ್ಕೆ ಸರಿಯಾಗಿದೆ. ಆದರೆ ಕನ್ನಡದ 'ಅವರು' ಎರಡು ಕೆಲಸ ಮಾಡುವ ಪದ. ಹಲವರನ್ನೂ ಹೇಳುತ್ತದೆ, ಒಬ್ಬರನ್ನೇ ಗೌರವದಿಂದಲೂ ಹೇಳುತ್ತದೆ. ಪಟ್ಟಿ ಮಾಡಿದವರು ಮೊದಲನೆಯದನ್ನು ಎಣಿಸಿ ಎರಡನೆಯದನ್ನು ಬಿಟ್ಟರು. ಅಮ್ಮನನ್ನು ನಾನು ಏಕವಚನದಲ್ಲಿ ಕರೆಯುತ್ತೇನೆ, ಅಪ್ಪನನ್ನು ಬಹುವಚನದಲ್ಲಿ. ನಮ್ಮ ಕಡೆ ಅನೇಕ ಮನೆಗಳಲ್ಲಿ ಹಾಗೆಯೇ. ಈ ವ್ಯವಸ್ಥೆಯ ನ್ಯಾಯ ಅನ್ಯಾಯದ ಚರ್ಚೆ ಬೇರೆ. ಗಂಡನ ಹೆಸರನ್ನೂ ಹೇಳದೆ 'ಅವರು', 'ನಮ್ಮನೆಯವರು' ಎಂದೇ ಸಂಸಾರ ಮುಗಿಸಿದ ಹೆಂಗಸಿಗೆ ಪುಸ್ತಕ ಎರಡು ದಾರಿ ತೋರಿಸಿತು: ಅವರನ್ನು 'ಅವನು' ಮಾಡು, ಇಲ್ಲವೇ ಹಲವರನ್ನಾಗಿ ಮಾಡು. ಅವಳು ಎರಡನೆಯದನ್ನು ಆರಿಸಿಕೊಂಡಳು. ಇದನ್ನು ವ್ಯಾಕರಣದ ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಇಂಗ್ಲಿಷಿನ 'ಹಿ'ಗೆ ಗೌರವವೂ ಇಲ್ಲ, ಅಗೌರವವೂ ಇಲ್ಲ, ರಾಜನಿಗೂ ಕೂಲಿಯವನಿಗೂ ಅದೊಂದೇ ಎಂಬ ಒಂದು ಸಾಲು ಪಟ್ಟಿಯ ಕೆಳಗೆ ಇದ್ದಿದ್ದರೆ ಸಾಕಿತ್ತು.

ಅಮ್ಮನ ತರಗತಿಯಲ್ಲಿ ಕೊಲಂಬಿಯಾದ ಅಜ್ಜಿಯೊಬ್ಬರಿದ್ದಾರೆ. ಸ್ಪ್ಯಾನಿಷ್ ಬಿಟ್ಟರೆ ಬೇರೆ ಭಾಷೆ ಇಲ್ಲ. ಇಬ್ಬರ ತಪ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಮೊದಲ ಪಾಠದ ಒಳಗುಟ್ಟು ತಿಳಿಯಿತು. ವಯಸ್ಸು ಹೇಳಿ ಎಂದಾಗ ಆ ಅಜ್ಜಿ 'ಐ ಹ್ಯಾವ್ ಸೆವೆಂಟಿ ಇಯರ್ಸ್' ಎಂದರಂತೆ, ಅಮ್ಮ 'ಫಾರ್ ಮಿ ಸಿಕ್ಸ್ಟಿ ಎಯ್ಟ್' ಎಂದಳಂತೆ. ಸ್ಪ್ಯಾನಿಷಿನಲ್ಲಿ ವಯಸ್ಸನ್ನು ಹೊಂದಿರುತ್ತಾರೆ, 'ತೆಂಗೋ' ಎನ್ನುತ್ತಾರೆ. ಕನ್ನಡದಲ್ಲಿ ವಯಸ್ಸು ನಮಗೆ ಆಗುತ್ತದೆ, ಚತುರ್ಥಿಯಲ್ಲಿ. ಇಂಗ್ಲಿಷಿನಲ್ಲಿ ಮಾತ್ರ ನಾವೇ ಆ ವಯಸ್ಸು. 'ಐ ಆಮ್ ಸಿಕ್ಸ್ಟಿ ಎಯ್ಟ್.' ಹೆಸರು, ವಯಸ್ಸು, ಕಸುಬು, ಹಸಿವು ಎಲ್ಲವನ್ನೂ ಇಂಗ್ಲಿಷ್ 'ಆಮ್' ಎಂಬ ಒಂದು ಗೂಟಕ್ಕೆ ಕಟ್ಟುತ್ತದೆ. 'ನಾನು ಟೀಚರ್' ಎಂದರೆ ಕನ್ನಡದಲ್ಲಿ ಪೂರ್ತಿ ವಾಕ್ಯ, ಕ್ರಿಯಾಪದ ಬೇಕಿಲ್ಲ. ನಮ್ಮವರು 'ಮೈಸೆಲ್ಫ್ ರಮೇಶ್' ಎಂದು ಪರಿಚಯ ಹೇಳಿಕೊಂಡಾಗ ನಗುತ್ತೇವೆ. ನನಗನ್ನಿಸುವ ಮಟ್ಟಿಗೆ ಅದು ಕ್ರಿಯಾಪದವಿಲ್ಲದ 'ನಾನು ರಮೇಶ್' ಎಂಬ ಸುಂದರ ವಾಕ್ಯಕ್ಕೆ ಇಂಗ್ಲಿಷ್ ಅಂಗಿ ತೊಡಿಸುವ ಪ್ರಯತ್ನ.

ಗೌರವದ ವಿಷಯದಲ್ಲಿ ಆ ಅಜ್ಜಿಗೆ ಅಮ್ಮನ ಕಷ್ಟ ಕೂಡಲೇ ಅರ್ಥವಾಯಿತು. ಅವರಲ್ಲೂ 'ತೂ' ಮತ್ತು 'ಉಸ್ತೆದ್' ಎಂದು ನೀನು ನೀವುಗಳಿವೆ, ಅವರ ಕಡೆ ಗಂಡಹೆಂಡತಿ ಪರಸ್ಪರ 'ಉಸ್ತೆದ್' ಎನ್ನುವುದೂ ಉಂಟಂತೆ. ಇಬ್ಬರಿಗೂ ಇಂಗ್ಲಿಷಿನ 'ಯು' ಬಹಳ ಬರಿಗೈಯ ಪದವಾಗಿ ಕಾಣುತ್ತದೆ.

ಶುಭಾಶಯಗಳ ಪಾಠ ಇನ್ನೂ ವಿಚಿತ್ರ. 'ಗುಡ್ ಮಾರ್ನಿಂಗ್' ಎಂದರೆ ಶುಭೋದಯ ಎಂದಿದೆ ಪುಸ್ತಕ. ತಿಪಟೂರಿನಲ್ಲಿ ಯಾರು ಯಾರಿಗೆ ಶುಭೋದಯ ಹೇಳುತ್ತಾರೆ? 'ತಿಂಡಿ ಆಯ್ತಾ?' ಎನ್ನುತ್ತಾರೆ. ಇಲ್ಲಿಯವರು 'ಹೌ ಯಾ ಗೋಯಿಂಗ್?' ಎಂದಾಗ ಅಮ್ಮ 'ಬೈ ಬಸ್' ಎಂದಳು. ಪೈಪ್ ರಿಪೇರಿಯವನು 'ಸೀ ಯು ಲೇಟರ್' ಎಂದು ಹೋದ ದಿನ ಅವನಿಗಾಗಿ ಸಂಜೆಯವರೆಗೆ ಚಹಾ ಸೋಸದೆ ಕಾದಳು. 'ಹೌ ಯಾ ಗೋಯಿಂಗ್' ನಮ್ಮ 'ತಿಂಡಿ ಆಯ್ತಾ' ಇದ್ದ ಹಾಗೆ, 'ಸೀ ಯು ಲೇಟರ್' ನಮ್ಮ 'ಹೋಗ್ಬರ್ತೀನಿ' ಇದ್ದ ಹಾಗೆ ಎಂದರೆ ಒಂದೇ ಮಾತಿಗೆ ಅರ್ಥವಾಗುವ ವಿಷಯ. ಕಲಿಯುವವಳು ಈಗಾಗಲೇ ಚೆನ್ನಾಗಿ ಬಲ್ಲ ಶಿಷ್ಟಾಚಾರವನ್ನು ಪುಸ್ತಕ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಇದು ನಮ್ಮ ಊರಿನ ಪುಸ್ತಕಗಳ ದೋಷ ಮಾತ್ರವಲ್ಲ. ಆಸ್ಟ್ರೇಲಿಯಾ ವಲಸಿಗರಿಗೆ ಇಂಗ್ಲಿಷ್ ಕಲಿಸಲು ಶುರು ಮಾಡಿದ್ದು 1948ರಲ್ಲಿ, ಯುದ್ಧದಲ್ಲಿ ನೆಲೆ ಕಳೆದುಕೊಂಡು ಯೂರೋಪಿನಿಂದ ಬಂದವರಿಗಾಗಿ. ಇದೇ ವಿಕ್ಟೋರಿಯಾದ ಬೊನೆಗಿಲ್ಲ ಶಿಬಿರದಲ್ಲಿ, ಬರುವ ಹಡಗುಗಳಲ್ಲಿ ಪಾಠ ನಡೆಯುತ್ತಿತ್ತು. ಆ ಅನುಭವದಿಂದ ಹುಟ್ಟಿ 1960ರ ದಶಕದಲ್ಲಿ ಪುಸ್ತಕವಾದದ್ದು 'ಸಿಚುಯೇಶನಲ್ ಇಂಗ್ಲಿಷ್'. ಕಲಿಯುವವರ ಭಾಷೆಯನ್ನು ಬಳಸದೆ, ಸನ್ನಿವೇಶವನ್ನು ಕಣ್ಣೆದುರು ಮಾಡಿ ತೋರಿಸಿ ವಾಕ್ಯ ಕಲಿಸುವ ಕ್ರಮ ಅದು. ಹತ್ತು ಭಾಷೆಯವರು ಒಂದೇ ಕೋಣೆಯಲ್ಲಿ ಕುಳಿತಾಗ ಅದಕ್ಕಿಂತ ಬೇರೆ ದಾರಿಯೂ ಕಷ್ಟ. ಪದಕ್ಕೆ ಪದ ಕೊಡುವ ನಮ್ಮ ಪುಸ್ತಕಕ್ಕಿಂತ ಅದು ಮೇಲು. ಬಾಗಿಲು ತೆರೆದು ತೋರಿಸಬಹುದು, ಪೆನ್ನು ಎತ್ತಿ ತೋರಿಸಬಹುದು. ಆದರೆ ಗೌರವವನ್ನು ಎತ್ತಿ ತೋರಿಸುವುದು ಹೇಗೆ?

ಇಂಥ ಪಾಠಗಳನ್ನು ಗೇಲಿ ಮಾಡಿದ ಒಂದು ಕಾದಂಬರಿಯಿದೆ. 1957ರಲ್ಲಿ ಬಂದ 'ದೇ ಆರ್ ಎ ವಿಯರ್ಡ್ ಮಾಬ್'. ಬರೆದವರು ಜಾನ್ ಓಗ್ರೇಡಿ, ಆದರೆ ಪುಸ್ತಕದ ಮೇಲೆ ಹೆಸರು ಅದರ ಕಥಾನಾಯಕ ನೀನೋ ಕುಲೋಟನದು. ಇಟಲಿಯಿಂದ ಸಿಡ್ನಿಗೆ ಬಂದ ಈ ಪತ್ರಕರ್ತನಿಗೆ ಪುಸ್ತಕದ ಇಂಗ್ಲಿಷ್ ಚೆನ್ನಾಗಿ ಗೊತ್ತು. ಸಿಡ್ನಿಯ ಬೀದಿಯಲ್ಲಿ ಯಾರೂ ಅದನ್ನು ಮಾತಾಡುವುದಿಲ್ಲ. ಬಿಯರ್ ಅಂಗಡಿಯಲ್ಲಿ 'ನಿನ್ನ ಷೌಟ್' ಎಂದಾಗ, ಎಲ್ಲರಿಗೂ ಕೊಡಿಸುವ ಸರದಿ ನಿನ್ನದು ಎಂಬ ಅರ್ಥ ಅವನಿಗೆ ಹೊಳೆಯುವುದಿಲ್ಲ. ಓದುತ್ತಾ ನಗು ಬರುತ್ತದೆ. ಆದರೆ ನೀನೋ ಗಟ್ಟಿಮುಟ್ಟಾದ ಯುವಕ, ಇಟ್ಟಿಗೆ ಕೆಲಸಕ್ಕೆ ಸೇರಿ ಗೆಳೆಯರನ್ನು ಸಂಪಾದಿಸಿಕೊಳ್ಳುತ್ತಾನೆ. ನೀವೂ ನಮ್ಮ ಹಾಗೆ ಮಾತಾಡಿ, ನಮ್ಮವರಾಗಿಬಿಡಿ ಎಂಬುದು ಕಾದಂಬರಿಯ ಬುದ್ಧಿವಾದ. ಬಿಯರ್ ಅಂಗಡಿಗೆ ಹೋಗದ, ಗಂಡನನ್ನು ಕಳೆದುಕೊಂಡ 68 ವರ್ಷದ ಹೆಂಗಸಿಗೆ ಅದರಲ್ಲಿ ಜಾಗವಿಲ್ಲ.

ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಸಿಡ್ನಿಯ ಇನ್ನೊಂದು ಪ್ರಸಂಗ. 1964ರಲ್ಲಿ ಲೇಖಕಿ ಮೋನಿಕಾ ಡಿಕನ್ಸ್ ಅಲ್ಲಿ ಓದುಗರಿಗೆ ಪುಸ್ತಕಗಳ ಮೇಲೆ ಸಹಿ ಹಾಕಿಕೊಡುತ್ತಿದ್ದರು. ಒಬ್ಬ ಹೆಂಗಸು ಪುಸ್ತಕ ಹಿಡಿದು 'ಎಮಾ ಚಿಸಿಟ್' ಎಂದಳು. ಅದು ಅವಳ ಹೆಸರೆಂದುಕೊಂಡು ಲೇಖಕಿ ಹಾಗೆಯೇ ಬರೆದುಕೊಟ್ಟರು. ಅವಳು ಕೇಳಿದ್ದು 'ಹೌ ಮಚ್ ಈಸ್ ಇಟ್', ಬೆಲೆ ಎಷ್ಟು ಎಂದು! ಈ ಉಚ್ಚಾರಣೆಯ ಮೇಲೆ ಮರುವರ್ಷ 'ಲೆಟ್ ಸ್ಟಾಕ್ ಸ್ಟ್ರೈನ್' ಎಂಬ ತಮಾಷೆಯ ಪುಸ್ತಕವೇ ಬಂತು. ಚಾರ್ಲ್ಸ್ ಡಿಕನ್ಸರ ಮರಿಮೊಮ್ಮಗಳಿಗೇ, ಇಂಗ್ಲಿಷ್ ಕಾದಂಬರಿಕಾರ್ತಿಗೇ, ಇಲ್ಲಿನ ಇಂಗ್ಲಿಷ್ ತಿಳಿಯಲಿಲ್ಲ ಎಂದಾದರೆ ಅಮ್ಮನದೇನು ತಪ್ಪು? ಆದರೆ ಒಂದು ವ್ಯತ್ಯಾಸವಿದೆ. ಅವರಿಗೆ ತಿಳಿಯದೇ ಹೋದದ್ದು ಊರಿಗೆ ನಗೆಹನಿಯಾಯಿತು. ಅಮ್ಮನಿಗೆ ತಿಳಿಯದೇ ಹೋದದ್ದು ಅವಳೊಬ್ಬಳ ನಾಚಿಕೆಯಾಗಿ ಉಳಿಯಿತು. 1901ರಿಂದ 1958ರವರೆಗೆ ಈ ದೇಶ ಬೇಡವಾದವರನ್ನು ಹೊರಗಿಡಲು, ಯೂರೋಪಿನ ಯಾವ ಭಾಷೆಯಲ್ಲಾದರೂ ಕೊಡಬಹುದಾದ ಉಕ್ತಲೇಖನದ ಪರೀಕ್ಷೆಯೊಂದನ್ನು ಇಟ್ಟುಕೊಂಡಿತ್ತು. ಆ ಪರೀಕ್ಷೆ ಹೋಗಿದೆ. ಕೌಂಟರಿನ ಮುಂದೆ ನಿಂತಾಗ ಪರೀಕ್ಷೆಗೆ ಕೂತ ಭಯ ಮಾತ್ರ ನಮ್ಮ ಹಿರಿಯರಲ್ಲಿ ಇನ್ನೂ ಹುಟ್ಟುತ್ತದೆ.

ಇಂಥ ಪುಸ್ತಕಗಳ ಸಂಭಾಷಣೆಗಳಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದೇ: ಅಲ್ಲಿ ಯಾರಿಗೂ ಯಾರ ಮಾತೂ ಅರ್ಥವಾಗದೆ ಹೋಗುವುದಿಲ್ಲ. ಒಬ್ಬರು ಹೆಸರು ಕೇಳುತ್ತಾರೆ, ಇನ್ನೊಬ್ಬರು ಹೇಳುತ್ತಾರೆ, ಇಬ್ಬರಿಗೂ ಸಂತೋಷ. ಜೀವನದಲ್ಲಿ ಮೊದಲು ಬೇಕಾಗುವ ವಾಕ್ಯ 'ನನಗೆ ತಿಳಿಯಲಿಲ್ಲ, ನಿಧಾನವಾಗಿ ಇನ್ನೊಮ್ಮೆ ಹೇಳಿ' ಎಂಬುದು. ಅಮ್ಮನ ಪುಸ್ತಕದಲ್ಲಿ ಅದು ಇರುವುದು ಕೊನೆಯಲ್ಲಿ, ಪೊಲೀಸ್ ಠಾಣೆಯ ಪಾಠದಲ್ಲಿ. ನಾವು ಕನ್ನಡ ಕಲಿಸುವಾಗಲೂ ಇದೇ ಕಥೆ. ಬೆಂಗಳೂರಿಗೆ ಬಂದವರ ಬಾಯಲ್ಲಿ ಮೊದಲು ಕೂರುವ ಕನ್ನಡ 'ಕನ್ನಡ ಗೊತ್ತಿಲ್ಲ'. ಅದು ಮಾತನ್ನು ಮುಗಿಸುವ ವಾಕ್ಯ. 'ನಿಧಾನಕ್ಕೆ ಹೇಳಿ' ಎಂದು ಕಲಿಸಿದ್ದರೆ ಮಾತು ಮುಂದುವರಿಯುತ್ತಿತ್ತು.

ಪುಸ್ತಕಗಳನ್ನು ಇಷ್ಟು ಬೈದ ಮೇಲೆ ನನ್ನದನ್ನೂ ಹೇಳಬೇಕು. ಕ್ಲಿನಿಕ್ಕಿನಲ್ಲಿ ಆ ಹುಡುಗಿ ಅವಸರ ಮಾಡಿರಲಿಲ್ಲ. ಅವಸರ ನನ್ನದು, ನಾಚಿಕೆಯೂ ನನ್ನದೇ. ಅಮ್ಮನ ಪರವಾಗಿ ನಾನು ಉತ್ತರಿಸಿದಷ್ಟೂ ಅವಳ ಬಾಯಿ ಕಟ್ಟುತ್ತಾ ಹೋಯಿತು. ಇಲ್ಲಿ ಹೆತ್ತವರನ್ನು ಕರೆಸಿಕೊಂಡ ನಾವೆಲ್ಲ ಪ್ರೀತಿಯಿಂದಲೇ ಮಾಡುವ ತಪ್ಪು ಇದು.

ಅಮ್ಮ ತನ್ನ ಸಮಸ್ಯೆಗೆ ತಾನೇ ಪರಿಹಾರ ಕಂಡುಕೊಂಡಳು. ತರಗತಿಯಲ್ಲಿ ಕುಟುಂಬದ ಬಗ್ಗೆ ಐದು ವಾಕ್ಯ ಬರೆಯಲು ಹೇಳಿದಾಗ ಐದರಲ್ಲೂ 'ಮೈ ಹಸ್ಬೆಂಡ್' ಎಂದೇ ಬರೆದಿದ್ದಾಳೆ. ಮೈ ಹಸ್ಬೆಂಡ್ ಶಾಲೆಯ ಮೇಷ್ಟ್ರು, ಮೈ ಹಸ್ಬೆಂಡ್‌ಗೆ ಕಾಫಿ ಇಷ್ಟ, ಮೈ ಹಸ್ಬೆಂಡ್ ತೀರಿಕೊಂಡರು. ಟೀಚರ್ ಪ್ರೀತಿಯಿಂದಲೇ ಎರಡನೆಯ ವಾಕ್ಯದಿಂದ ಎಲ್ಲವನ್ನೂ 'ಹಿ' ಎಂದು ತಿದ್ದಿದ್ದಾರೆ. ಅಮ್ಮ ತಿದ್ದಿದ್ದನ್ನು ನೋಡಿದಳು, ಶುದ್ಧಪ್ರತಿ ಬರೆಯುವಾಗ ಮತ್ತೆ ಐದು ಸಲ 'ಮೈ ಹಸ್ಬೆಂಡ್' ಎಂದೇ ಬರೆದಳು.

ಹೋದ ತಿಂಗಳು ಮತ್ತೆ ಕ್ಲಿನಿಕ್ಕಿಗೆ ಹೋದೆವು. ಕೌಂಟರಿನಲ್ಲಿ ಈ ಸಲ ಬೇರೆ ಹುಡುಗಿ, ಮಾತು ಬಹಳ ಜೋರು. ನಾನು ಎದ್ದು ನಿಂತೆ. ಅಮ್ಮ ನನ್ನ ಕಡೆ ತಿರುಗದೆ, 'ಸ್ಲೋಲಿ ಪ್ಲೀಸ್' ಎಂದಳು. ಹುಡುಗಿ ನಿಧಾನ ಮಾಡಿದಳು. ನಾನು ಮತ್ತೆ ಕುರ್ಚಿಯಲ್ಲಿ ಕುಳಿತೆ. ಬಾಯಿ ಮುಚ್ಚಿಕೊಂಡು ಕೂರುವುದು ಎಷ್ಟು ಕಷ್ಟವೆಂದು ನನಗೆ ಅವತ್ತೇ ಗೊತ್ತಾದದ್ದು.