ಯಂತ್ರವಾದ್ಯದ ವಿಷಾದಯೋಗ

ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರ್ ಎಂಬ ಯಂತ್ರಕ್ಕೆ ಉಸಿರಿಲ್ಲ, ಉಸಿರಿಲ್ಲದುದಕ್ಕೆ ನೋವಿಲ್ಲ, ನೋವನ್ನರಿಯದುದು ಕೇಳುವವನ ಎದೆಯನ್ನು ಕಲಕಲಾರದು ಎಂಬ ಆಕ್ಷೇಪಣೆಯು ಕೇಳಿದಾಕ್ಷಣ ಒಪ್ಪಿಗೆಯಾಗುವಂತಹುದು. ಆದರೆ 1978ರಿಂದ 1983ರ ವರೆಗಿನ ಅಲ್ಪಾವಧಿಯಲ್ಲಿ ಇಂಗ್ಲೆಂಡಿನ ಹಾಗೂ ಜರ್ಮನಿಯ ಕೆಲವರು ತರುಣರು ಅಂತಹ ಯಂತ್ರಗಳನ್ನೇ ಮುಂದಿಟ್ಟುಕೊಂಡು ರಚಿಸಿದ, ಸಿಂಥ್‌ಪಾಪ್ ಎಂಬ ಹೆಸರಿನಿಂದ ಪ್ರಚಾರಕ್ಕೆ ಬಂದ ವಿಷಾದಗೀತೆಗಳನ್ನು, ನಾಲ್ಕು ದಶಕಗಳು ಸಂದ ಮೇಲೆಯೂ ವ್ರತದಂತೆ ಕೇಳುತ್ತಿರುವ ಒಂದು ಸಮುದಾಯವು ಉಳಿದುಕೊಂಡಿರುವುದನ್ನು ಕಂಡಾಗ, ಆ ಆಕ್ಷೇಪಣೆಯನ್ನು ಮತ್ತೊಮ್ಮೆ ಒರೆಗೆ ಹಚ್ಚುವುದು ವಿಮರ್ಶಕನ ಕರ್ತವ್ಯವಾಗುತ್ತದೆ. ಕನಮಡಿಯಂತಹ ಗಡಿಯೂರಿನಲ್ಲಿ ಕುಳಿತು, ದ್ರಾಕ್ಷಿಯ ತೋಟಗಳ ನಡುವೆ, ಇಂತಹ ಪರದೇಶದ ಸಂಗೀತವನ್ನು ವಿಚಾರಕ್ಕೆತ್ತಿಕೊಳ್ಳುವುದು ಅಸಂಗತವೆಂದು ಕೆಲವರಿಗೆ ತೋರೀತು. ನನಗೆ ಹಾಗೆ ತೋರುವುದಿಲ್ಲ. ಒಂದು ಕಡೆ ಜತ್ತ, ಅದರಾಚೆ ಮಿರಜ, ಇನ್ನೊಂದು ಕಡೆ ತಿಕೋಟಾ, ವಿಜಯಪುರ—ಹೀಗೆ ಸಂಗೀತದ ಎರಡು ಹಿರಿಯ ನೆಲೆಗಳ ನಡುವೆ ಇರುವ ಈ ಸೀಮೆಯವರಿಗೆ ಶೋಕವನ್ನು ತಾಳಕ್ಕೆ ಹಾಕುವ ವಿದ್ಯೆ ಹೊಸದೇನೂ ಅಲ್ಲ. ಯಂತ್ರವಾದ್ಯವೊಂದನ್ನು ಮೊದಲು ಜರೆದು ಅನಂತರ ಎದೆಗವಚಿಕೊಂಡ ಅನುಭವವೂ ಹೊಸದಲ್ಲ.

ಆ ವಾದ್ಯ ಹಾರ್ಮೋನಿಯಂ, ನಮ್ಮವರ ಬಾಯಲ್ಲಿ ಪೇಟಿ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಿಂದ ಬಂದ ಈ ತಿದಿಪೆಟ್ಟಿಗೆಯು ಕಂಪನಿ ನಾಟಕಗಳ ರಂಗವನ್ನು, ಭಜನೆಯ ಮನೆಗಳನ್ನು, ಕೊನೆಗೆ ಖ್ಯಾಲ ಗಾಯಕರ ಪಕ್ಕವನ್ನೂ ಆಕ್ರಮಿಸಿಕೊಂಡಾಗ, ಅದರ ಸ್ವರಗಳು ಮೊಳೆ ಹೊಡೆದಂತೆ ನಿಂತಲ್ಲಿಯೇ ನಿಲ್ಲುವವೆಂದೂ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಅದರಿಂದ ಹೊರಡದೆಂದೂ ಪಂಡಿತರು ಖಂಡಿಸಿದರು. ಆ ಖಂಡನೆಯಲ್ಲಿ ಸತ್ಯವಿಲ್ಲದಿಲ್ಲ. ರವೀಂದ್ರನಾಥ ಠಾಕೂರರ ಬೆಂಬಲವನ್ನೂ ಪಡೆದು, 1940ರ ಮಾರ್ಚ್ 1ರಿಂದ ರೇಡಿಯೋ ಸಂಸ್ಥೆಯು ತನ್ನ ಕೇಂದ್ರಗಳಲ್ಲಿ ಹಾರ್ಮೋನಿಯಂ ನುಡಿಸಕೂಡದೆಂದು ನಿಷೇಧ ಹೇರಿತು. ಅದು ಸಡಿಲಗೊಂಡುದು 1971ರಲ್ಲಿ. ಇತ್ತ ಆ ಅವಧಿಯಲ್ಲಿಯೇ, 1917ರಲ್ಲಿ ಕಾಗವಾಡದಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ ಪಂಡಿತ ರಾಮಭಾವು ವಿಜಾಪುರೆಯವರಂತಹ ವಾದಕರು, ಮಲ್ಲಿಕಾರ್ಜುನ ಮನಸೂರ, ಭೀಮಸೇನ ಜೋಶಿಯವರಂತಹ ಗಾಯಕರಿಗೆ ಸಾಥಿ ಕೊಡುತ್ತ, ಜಾರಲಾರದ ಸ್ವರಗಳ ಮುಂದೆ ಜಾರುವ ಕಂಠದ ಬೆಡಗು ಇಮ್ಮಡಿಯಾಗುವುದೆಂಬುದನ್ನು ಸಭೆಸಭೆಗಳಲ್ಲಿ ಕಾಣಿಸಿಕೊಟ್ಟರು. ಇಂಗ್ಲೆಂಡಿನಲ್ಲಿಯೂ 1982ರಲ್ಲಿ ವಾದ್ಯಗಾರರ ಸಂಘದ ಲಂಡನ್ ಶಾಖೆಯೊಂದು ಸಿಂಥಸೈಜರನ್ನು ನಿಷೇಧಿಸಬೇಕೆಂದು ನಿರ್ಣಯ ಮಾಡಿತ್ತು. ಅವರ ಭಯವು ಮುಖ್ಯವಾಗಿ ಹೊಟ್ಟೆಪಾಡಿನದು, ನಮ್ಮವರದು ಶ್ರುತಿಯದು; ಆದರೆ ಎರಡರ ಮೂಲದಲ್ಲಿಯೂ ಯಂತ್ರವು ಮನುಷ್ಯನ ಸ್ಥಾನವನ್ನು ಕಸಿಯುವುದೆಂಬ ಒಂದೇ ಅಳುಕು ಅಡಗಿದ್ದಿತು.

ಈ ಅಳುಕು ಏತಕ್ಕೆ ಸುಳ್ಳಾಯಿತೆಂಬುದನ್ನು ತಿಳಿಯಬೇಕಾದರೆ ಯಂತ್ರದ ಒಳಹೊಕ್ಕು ನೋಡಬೇಕು. 1970ರಲ್ಲಿ ಅಮೆರಿಕದ ರಾಬರ್ಟ್ ಮೂಗ್‌ನ ಕಂಪನಿ ಹೊರತಂದ ಮಿನಿಮೂಗ್ ಎಂಬ ವಾದ್ಯದಲ್ಲಿ ಸ್ವರ ಹುಟ್ಟಿಸುವ ಮೂರು ಆಸಿಲೇಟರುಗಳಿವೆ. ಒಂದು ಮನೆಯನ್ನು ಒತ್ತಿದರೆ ಮೂರೂ ಒಟ್ಟಿಗೆ ನುಡಿಯಬಲ್ಲವು. ಅವುಗಳನ್ನು ಸರಿಸಮನಾಗಿ ಕೂಡಿಸಿದರೆ ದನಿಯು ಚಪ್ಪಟೆಯಾಗಿ ಕೇಳಿಸುತ್ತದೆ. ಒಂದನ್ನು ಕೂದಲೆಳೆಯಷ್ಟು ಏರಿಸಿದರೆ, ಎರಡು ಅಲೆಗಳು ಒಂದನ್ನೊಂದು ಹಾಯುತ್ತ ದೂರಾಗುತ್ತ, ನಿಂತ ಸ್ವರದೊಳಗೇ ಒಂದು ಸಣ್ಣ ಮಿಡಿತವು ಹುಟ್ಟುತ್ತದೆ. ಮೇಲಾಗಿ ಆ ಕಾಲದ ಯಂತ್ರಗಳು ಕಾವೇರಿದಂತೆ ಶ್ರುತಿ ತಪ್ಪುತ್ತಿದ್ದವು. ನುಡಿಸುವವನು ಸರಿಪಡಿಸುತ್ತಲೇ ಇರಬೇಕಾಗುತ್ತಿತ್ತು. ಮಿರಜಿನ ಕುಶಲಿಗಳು ತಂಬೂರಿಯ ಕುದುರೆಯ ಮೇಲ್ಮೈಯನ್ನು ತಾಸುಗಟ್ಟಲೆ ಉಜ್ಜಿ, ತಂತಿಯ ಕೆಳಗೆ ನೂಲಿನೆಳೆಯನ್ನು ಸರಿಸಿ ಜವಾರಿ ತೆಗೆಯುವುದು ಯಾವ ಝೇಂಕಾರದ ಸಲುವಾಗಿಯೋ, ಅದರ ದೂರದ ನೆಂಟಸ್ತಿಕೆಯೊಂದು ಈ ಮಿಡಿತದಲ್ಲಿದೆ. ಎರಡೆಡೆಯಲ್ಲಿಯೂ ಶುದ್ಧವಾದ ಸ್ವರವನ್ನು ಬೇಕೆಂದೇ ಕೊಂಚ ಕದಡಲಾಗಿದೆ. ಕದಡಿದ್ದರಿಂದಲೇ ಅದು ಜೀವಂತವೆನಿಸುತ್ತದೆ. ಆದಿಮ ಸಿಂಥ್‌ಪಾಪಿನ ವಿಷಾದವು ಮೊದಲು ಹುಟ್ಟಿದುದು ಹಾಡಿನ ಮಾತಿನಲ್ಲಿ ಅಲ್ಲ, ಈ ಅಸ್ಥಿರವಾದ ನಾದದಲ್ಲಿ.

ವಾದ್ಯವನ್ನು ವ್ಯಕ್ತಿಯಂತೆ ಪ್ರೀತಿಸುವ ವಾಡಿಕೆಯೂ ಇಲ್ಲಿ ನೆನಪಾಗುತ್ತದೆ. ವಿಜಯಪುರವನ್ನು 1580ರಿಂದ 1627ರ ವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹನು ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು, ಕಿತಾಬ್-ಎ-ನವರಸದ ಹಾಡುಗಳಲ್ಲಿ ಅದನ್ನು ಕೊಂಡಾಡಿದನು. ಲಿವರಪೂಲಿನ ಎದುರುದಡದ ವಿರಲ್ ಪ್ರದೇಶದ ಆರ್ಕೆಸ್ಟ್ರಲ್ ಮನೂವರ್ಸ್ ಇನ್ ದ ಡಾರ್ಕ್ ತಂಡದ ಹುಡುಗರು ವೇದಿಕೆಯ ಮೇಲೆ ತಾಳ ಕೊಡುತ್ತಿದ್ದ ತಮ್ಮ ಟೇಪ್ ರೆಕಾರ್ಡರಿಗೆ ವಿನ್‌ಸ್ಟನ್ ಎಂದು ಹೆಸರಿಟ್ಟುಕೊಂಡಿದ್ದರು. ಸುಲ್ತಾನನ ವೈಭವಕ್ಕೂ, ತಾಯಿಯ ಕ್ಯಾಟಲಾಗಿನಿಂದ ಕಂತಿನ ಮೇಲೆ ಅಗ್ಗದ ಸಿಂಥಸೈಜರು ಕೊಂಡ ಈ ಹುಡುಗರ ಬಡತನಕ್ಕೂ ಅಜಗಜಾಂತರವಿದ್ದರೂ, ಏಕಾಂತದಲ್ಲಿ ವಾದ್ಯವನ್ನು ಗೆಳೆಯನನ್ನಾಗಿ ಮಾಡಿಕೊಳ್ಳುವ ಮನಸ್ಸು ಒಂದೇ.

ಏಕಾಂತವೆಂದೆ, ಅದಕ್ಕೆ ಊರಿನ ಕಾರಣವೂ ಇತ್ತು. ಹ್ಯೂಮನ್ ಲೀಗ್ ಹುಟ್ಟಿದ ಶೆಫೀಲ್ಡು ಉಕ್ಕಿನ ಊರು; ನ್ಯೂ ಆರ್ಡರ್ ಹುಟ್ಟಿದ ಮ್ಯಾಂಚೆಸ್ಟರು ಅರಳೆಯ ಗಿರಣಿಗಳು ಮುಚ್ಚಿಹೋದ ಊರು; 1982ರ ಆರಂಭದಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷವನ್ನು ದಾಟಿದ್ದಿತು. ಕೆಲಸ ಕಳೆದುಕೊಂಡ ತಂದೆಯ ಮನೆಯಲ್ಲಿ, ಮಹಡಿಯ ಮೇಲಿನ ಸಣ್ಣ ಕೋಣೆಯಲ್ಲಿ, ಜೊತೆಗಾರರ ದೊಡ್ಡ ಮೇಳವನ್ನು ಕೂಡಿಸಲಾರದ ತರುಣನಿಗೆ ಒಬ್ಬನೇ ನುಡಿಸಬಹುದಾದ ಯಂತ್ರವು ಒದಗಿಬಂದಿತು. ಇವರೆಲ್ಲರಿಗೂ ಮಾರ್ಗದರ್ಶಕವಾದುದು ಜರ್ಮನಿಯ ಡ್ಯೂಸೆಲ್ಡಾರ್ಫ್ ನಗರದ ಕ್ರಾಫ್ಟ್‌ವೆರ್ಕ್. 1977ರ ಟ್ರಾನ್ಸ್-ಯೂರೋಪ್ ಎಕ್ಸ್‌ಪ್ರೆಸ್ ಸಂಪುಟದಲ್ಲಿ ರೈಲುಗಾಡಿಯ ಲಯಕ್ಕೆ ಹಳೆಯ ಯೂರೋಪಿನ ವಿರಹವನ್ನು ಹೊಸೆದ ಆ ಗಂಭೀರಸ್ವಭಾವದ ಕಲಾವಿದರು ನಗುವುದನ್ನೂ ಅಳುವುದನ್ನೂ ಒಂದೇ ಸಮನಾದ ಮುಖಮುದ್ರೆಯಿಂದ ಮಾಡಿದರು.

ಈ ಸಂಪ್ರದಾಯದ ಮರ್ಮವನ್ನು ಒಂದೇ ಕೃತಿಯಲ್ಲಿ ಕಾಣಬೇಕೆನ್ನುವವರು ಅಲ್ಟ್ರಾವಾಕ್ಸ್ ತಂಡದ ವಿಯೆನ್ನಾ ಎಂಬ ಹಾಡನ್ನು ಕೇಳಬೇಕು. 1981ರ ಆರಂಭದಲ್ಲಿ ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯ ಎರಡನೆಯ ಸ್ಥಾನದಲ್ಲಿ ನಾಲ್ಕು ವಾರ ನಿಂತ ಈ ಹಾಡು ತಾಳಯಂತ್ರದ ನಾಲ್ಕಾರು ಪೆಟ್ಟುಗಳಿಂದ ತೊಡಗುತ್ತದೆ. ಪೆಟ್ಟುಗಳ ನಡುವಿನ ತೆರಪು ಎಷ್ಟು ವಿಶಾಲವೆಂದರೆ, ಬರಿದಾದ ಮಹಲೊಂದರ ಅಳತೆಯನ್ನು ಕಿವಿಯೇ ತೆಗೆದುಕೊಳ್ಳುತ್ತದೆ. ಅದರ ಮೇಲೆ ಮಿಜ್ ಯೂರನ ಕಂಠವು ಮೆಲ್ಲನೆ ಬರುತ್ತದೆ, ಪಿಯಾನೋ ಬರುತ್ತದೆ, ಮಧ್ಯದಲ್ಲಿ ಬಿಲ್ಲಿ ಕರಿಯ ವಿಯೋಲಾ ಏಳುವಾಗ ಲಯವು ದಡಬಡಿಸಿ ಓಡತೊಡಗಿ, ಹಿಡಿಯಲಾಗದ ಯಾವುದನ್ನೋ ಅಟ್ಟಿಕೊಂಡು ಹೋದಂತೆ ಹೋಗಿ, ಸೋತು, ಮತ್ತೆ ಮೊದಲಿನ ಆ ನಿಧಾನವಾದ ಪೆಟ್ಟುಗಳಿಗೇ ಹಿಂದಿರುಗುತ್ತದೆ. ಕಂಠ ಎಷ್ಟೇ ಕೂಗಿದರೂ ಆ ಪೆಟ್ಟು ಮರುಕಪಡುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಪರಂಪರೆಯ ಶಕ್ತಿಯೆಲ್ಲ ಇಲ್ಲಿದೆ: ಯಂತ್ರವು ಅಳುವುದಿಲ್ಲ, ಅಳದಿರುವುದರಿಂದಲೇ ಕೇಳುವವನ ಅಳಲಿಗೆ ಎಡೆ ಬಿಡುತ್ತದೆ. ಪಿಟೀಲುಗಳ ದೊಡ್ಡ ಮೇಳವೊಂದು ನಮ್ಮ ಪರವಾಗಿ ಅತ್ತುಬಿಟ್ಟರೆ ನಮಗೆ ಉಳಿಯುವುದು ನೋಡುವವರ ಪಾತ್ರ ಮಾತ್ರ. ಕರುಣರಸವನ್ನೇ ಎಲ್ಲ ರಸಗಳ ಮೂಲವೆಂದು ಬಗೆದ ಭವಭೂತಿಯ ರಾಮನು ಕೂಡ ತನ್ನ ಶೋಕವನ್ನು ಒಳಗೇ ಬೇಯಿಸಿಕೊಂಡವನಲ್ಲವೆ?

ಇನ್ನೊಂದು ಲಕ್ಷಣವು ಪಾಶ್ಚಾತ್ಯ ವಿಮರ್ಶಕರಿಗೆ ವಿಚಿತ್ರವಾಗಿ ತೋರಿದುದು, ನಮ್ಮವರಿಗೆ ಮಾತ್ರ ಸಹಜವಾಗಿ ತೋರತಕ್ಕುದು—ದುಃಖದ ಹಾಡಿಗೆ ಕುಣಿಯುವುದು. ಆರ್ಕೆಸ್ಟ್ರಲ್ ಮನೂವರ್ಸ್ ಇನ್ ದ ಡಾರ್ಕ್ ತಂಡದ 1980ರ ಎನೋಲಾ ಗೇ ಎಂಬ ಗೀತೆ, 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬು ಹಾಕಿದ ವಿಮಾನವನ್ನು ಕುರಿತದ್ದು. ಚಾಲಕನ ತಾಯಿಯ ಹೆಸರನ್ನೇ ಆ ವಿಮಾನಕ್ಕೆ ಇಟ್ಟಿದ್ದರು. ಆ ಘೋರವಾದ ವಸ್ತುವಿಗೆ ತಂಡವು ಕೊಟ್ಟುದು ಲವಲವಿಕೆಯ, ಕಾಲು ತಾನಾಗಿ ಎತ್ತಿಕೊಳ್ಳುವಂತಹ ಧಾಟಿ. ಬೇರೊಂದು ತಂಡದ ಗಾಯಕ ಇಯಾನ್ ಕರ್ಟಿಸನು 1980ರ ಮೇ ತಿಂಗಳಲ್ಲಿ ಆತ್ಮಹತ್ಯೆ ಮಾಡಿಕೊಂಡ ಮೇಲೆ, ಆ ತಂಡದ ಉಳಿದ ಗೆಳೆಯರು ನ್ಯೂ ಆರ್ಡರ್ ಎಂಬ ಹೊಸ ಹೆಸರಿನಲ್ಲಿ ಕೂಡಿ 1983ರಲ್ಲಿ ಹೊರತಂದ ಬ್ಲೂ ಮಂಡೇ ನರ್ತನಶಾಲೆಗಳ ಹಾಡಾಯಿತು. ಇದನ್ನು ಅಸಭ್ಯತೆಯೆಂದು ಬಗೆಯುವವರು ನಮ್ಮ ಮೊಹರಮ್ಮಿಗೆ ಬರಬೇಕು. ಕ್ರಿ.ಶ. 680ರಲ್ಲಿ ಕರ್ಬಲಾದ ಬಯಲಿನಲ್ಲಿ ನೀರಿಲ್ಲದೆ ಬಳಲಿ, ಹೋರಾಡಿ ಮಡಿದ ಹುಸೇನರ ಬಳಗದ ದುಃಖವನ್ನು, ಈ ಜಿಲ್ಲೆಯ ಹಳ್ಳಿಗಳಲ್ಲಿ ಹಿಂದೂ ಮುಸಲ್ಮಾನರೆನ್ನದೆ ಗಂಡಸರು ವರ್ತುಲವಾಗಿ ನಿಂತು, ರಿವಾಯತದ ಪದಗಳಾಗಿ ಹಾಡುತ್ತಾರೆ. ಹಾಡುವಾಗ ಹೆಜ್ಜೆ ಹಾಕುತ್ತಾರೆ. ಹೆಜ್ಜೆಗೆ ಹಲಗಿಯ ಪೆಟ್ಟು ಬೀಳುತ್ತದೆ. ಮುಮ್ಮೇಳದವನ ದನಿ ಒಡೆದುಹೋದರೂ ಹೆಜ್ಜೆ ತಪ್ಪುವುದಿಲ್ಲ. ಶೋಕವು ದೇಹವನ್ನು ಕುಸಿಯಗೊಡದಂತೆ ಲಯವು ಎತ್ತಿಹಿಡಿದಿರುತ್ತದೆ. ಮ್ಯಾಂಚೆಸ್ಟರಿನ ನರ್ತನಶಾಲೆಯಲ್ಲಿ ತಾಳಯಂತ್ರವು ಮಾಡಿದ ಉಪಕಾರವೂ ಇದೇ. ಭೇದವಿರುವುದು ಒಂದರಲ್ಲಿ: ನಮ್ಮ ಮೇಳದಲ್ಲಿ ಪಕ್ಕದವನ ಹೆಗಲು ಇರುತ್ತದೆ, ಅಲ್ಲಿ ಪ್ರತಿಯೊಬ್ಬನೂ ಒಬ್ಬೊಬ್ಬನೇ ಕುಣಿದನು.

ಈ ಪಂಥದಲ್ಲಿ ದೋಷಗಳಿಲ್ಲವೆಂದು ನಾನು ಹೇಳಲಾರೆ. ಅಳದ ಯಂತ್ರದ ಮುಂದೆ ಅಳುವ ಮನುಷ್ಯಕಂಠವು ನಿಲ್ಲಬೇಕಾದಲ್ಲಿ, ಕಂಠವೇ ಯಂತ್ರವನ್ನು ಅನುಕರಿಸತೊಡಗಿದರೆ ಸಮತೋಲ ಕೆಡುತ್ತದೆ. ಗ್ಯಾರಿ ನ್ಯೂಮನ್ ಬೇರೊಂದು ಬಗೆಯ ಹಾಡುಗಳನ್ನು ಮುದ್ರಿಸಿಕೊಳ್ಳಲು ಹೋದಾಗ ಸ್ಟುಡಿಯೋದಲ್ಲಿ ಯಾರೋ ಬಿಟ್ಟುಹೋಗಿದ್ದ ಮಿನಿಮೂಗನ್ನು ಮುಟ್ಟಿ ನೋಡಿ, ಅದರ ಗಂಭೀರವಾದ ನಾದಕ್ಕೆ ಮಾರುಹೋಗಿ, 1979ರಲ್ಲಿ ಆರ್ ಫ್ರೆಂಡ್ಸ್ ಎಲೆಕ್ಟ್ರಿಕ್ ಗೀತೆಯಿಂದ ಪಟ್ಟಿಯ ಮೊದಲ ಸ್ಥಾನಕ್ಕೇರಿದನು. ಆ ಒಂದು ಗೀತೆ ಅಪೂರ್ವವಾದುದೇ. ಆದರೆ ಅವನನ್ನು ಅನುಸರಿಸಿದವರಲ್ಲಿ ಅನೇಕರಿಗೆ ನಿರ್ಭಾವವೇ ಒಂದು ಉಡುಪಾಯಿತು, ವಿಷಾದವು ಕಣ್ಣಿನ ಕಾಡಿಗೆಯಷ್ಟೇ ಆಗಿ ಉಳಿಯಿತು. ಇದಕ್ಕೆ ಪ್ರತಿಯಾಗಿ, ಡೆಪೆಶ್ ಮೋಡ್ ತಂಡವನ್ನು ಬಿಟ್ಟು ಬಂದ ವಿನ್ಸ್ ಕ್ಲಾರ್ಕ್ 1982ರಲ್ಲಿ ಓನ್ಲಿ ಯೂ ಎಂಬ ಗೀತೆಯನ್ನು ಅಲಿಸನ್ ಮೊಯೆಯ ದಟ್ಟವಾದ, ಮಣ್ಣಿನ ವಾಸನೆಯ ಕಂಠಕ್ಕೆ ಒಪ್ಪಿಸಿ, ತಾನು ಹಿಂದೆ ಕೆಲವೇ ಸ್ವರಗಳನ್ನು ಪೋಣಿಸುತ್ತ ಕುಳಿತನು. ಪೇಟಿ ಸಾಥಿಯ ಧರ್ಮವನ್ನು ಬಲ್ಲ ನಮ್ಮ ಕಿವಿಗೆ ಈ ಎರಡನೆಯದು ಮೇಲೆನಿಸುವುದು ಸ್ವಾಭಾವಿಕ. 1983ರಲ್ಲಿ ಯಮಾಹಾ ಕಂಪನಿಯ ಡಿಎಕ್ಸ್7 ಬಂದಿತು. ಅದರ ಶ್ರುತಿ ಜಾರುತ್ತಿರಲಿಲ್ಲ, ಸಿದ್ಧಪಡಿಸಿದ ದನಿಗಳು ಗುಂಡಿ ಒತ್ತಿದೊಡನೆ ದೊರೆಯುತ್ತಿದ್ದವು. ಎಲ್ಲರ ಹಾಡೂ ಒಂದೇ ಅಂಗಡಿಯ ಮಾಲಿನಂತೆ ಕೇಳಿಸತೊಡಗಿತು.

ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಪಾಲುಂಟು. 1945ರಲ್ಲಿ ಬೆಂಗಳೂರಿನಲ್ಲಿ ಕೊಡವ ಮನೆತನದಲ್ಲಿ ಹುಟ್ಟಿದ ಬಿದ್ದು ಎಂಬ ಸಂಗೀತಗಾರರು ಲಂಡನ್ನಿಗೆ ಹೋಗಿ ಡಿಸ್ಕೋ ಸಂಗೀತದಲ್ಲಿ ಹೆಸರು ಮಾಡಿ, ಕರಾಚಿಯಲ್ಲಿ ಹುಟ್ಟಿದ ನಾಜಿಯಾ ಹಸನ್ ಎಂಬ ಬಾಲೆಯಿಂದ 1980ರ ಕುರ್ಬಾನಿ ಚಿತ್ರಕ್ಕೂ 1981ರ ಡಿಸ್ಕೋ ದೀವಾನೆಗೂ ಹಾಡಿಸಿದರು. ಅವಳ ಕಂಠದಲ್ಲಿ ತರಬೇತಿಯ ಗಮಕಗಳಿಲ್ಲ. ತುಸು ಮೂಗಿನ, ತುಸು ದೂರದ ಆ ದನಿಯು ಸಿಂಥಸೈಜರಿನ ಎದುರು ಒಂಟಿಯಾಗಿ ಕೇಳಿಸುತ್ತದೆ. 2000ದಲ್ಲಿ 35ರ ವಯಸ್ಸಿಗೆ ಅವಳು ಕ್ಯಾನ್ಸರಿಗೆ ತುತ್ತಾದ ಮೇಲೆ ಆ ಒಂಟಿತನ ಇನ್ನಷ್ಟು ಭಾರವಾಗಿದೆ. ಕನ್ನಡದಲ್ಲಿಯೇ ಶಂಕರನಾಗರು 1981ರಲ್ಲಿ ನಿರ್ದೇಶಿಸಿ ನಟಿಸಿದ ಗೀತಾ ಚಿತ್ರವಿದೆ. ರಕ್ತದ ಕ್ಯಾನ್ಸರಿಗೆ ಈಡಾದ ಹುಡುಗಿಯ ಪ್ರೇಮಕಥೆಗೆ ಇಳಯರಾಜರು, ಹೊಸ ಕಾಲದ ಲಯವನ್ನು ಬಿಡದೆ, ಸಾವಿನ ನೆರಳು ಬಿದ್ದ ಉಲ್ಲಾಸವನ್ನು ಹೆಣೆದರು. ಅದರ ಯುಗಳಗೀತೆಯ ಧಾಟಿಯನ್ನು 2007ರ ಹಿಂದಿ ಚಿತ್ರ ಚೀನೀ ಕಮ್‌ಗೆ ಅವರೇ ಮತ್ತೆ ಬಳಸಿದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ರಸ್ತೆಯ ಅಪಘಾತದಲ್ಲಿ ಶಂಕರನಾಗರು ತೀರಿಕೊಂಡ ಬಳಿಕ, ಆಟೋರಿಕ್ಷಾಗಳ ಮೇಲೆ ಅವರ ಚಿತ್ರವನ್ನು ಅಂಟಿಸಿಕೊಂಡವರಿಗೆ ಆ ಹಾಡುಗಳ ಉಲ್ಲಾಸವೇ ಹೆಚ್ಚು ನೋಯಿಸುತ್ತದೆ.

ಮುಂಬಯಿಯ ಚರಣಜಿತ್ ಸಿಂಗರು 1982ರಲ್ಲಿ ರೋಲ್ಯಾಂಡ್ ಕಂಪನಿಯ ಯಂತ್ರಗಳ ಮೇಲೆ ಲಲಿತ, ತೋಡಿ, ಮಾಲಕಂಸ ಮೊದಲಾದ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದ ತಟ್ಟೆಯನ್ನು ಆಗ ಯಾರೂ ಲೆಕ್ಕಿಸಲಿಲ್ಲ. 2010ರಲ್ಲಿ ಅದು ಮರುಮುದ್ರಣಗೊಂಡಾಗ ಲೋಕ ಬೆರಗಾಯಿತು. ಅವರು ಬಳಸಿದ ಟಿಬಿ-303 ಎಂಬ ಪುಟ್ಟ ಪೆಟ್ಟಿಗೆಗೆ ಸ್ವರದಿಂದ ಸ್ವರಕ್ಕೆ ಜಾರುವ ಸೌಕರ್ಯವಿದ್ದಿತು. ಹಾರ್ಮೋನಿಯಮ್ಮಿನ ಮೇಲೆ ಹೊರಿಸಿದ್ದ ಹಳೆಯ ಅಪವಾದಕ್ಕೆ ಯಂತ್ರಲೋಕವು ಕೊಟ್ಟ ಉತ್ತರವೆಂದು ನಾನು ಇದನ್ನು ಭಾವಿಸುತ್ತೇನೆ.

ಸಿಂಥ್‌ಪಾಪಿನ ಅನುರಾಗಿಗಳ ನಿಷ್ಠೆಯನ್ನು ಬರಿಯ ಯೌವನದ ಹಂಬಲವೆಂದು ತಳ್ಳಿಹಾಕುವುದು ಸುಲಭ. 1988ರ ಜೂನ್ 18ರಂದು ಕ್ಯಾಲಿಫೋರ್ನಿಯಾದ ರೋಸ್ ಬೌಲ್ ಮೈದಾನದಲ್ಲಿ ಡೆಪೆಶ್ ಮೋಡನ್ನು ಕೇಳಲು 60,000ಕ್ಕೂ ಮಿಕ್ಕಿ ಜನ ನೆರೆದಿದ್ದರು. ತಂಡದ ಆಂಡಿ ಫ್ಲೆಚರ್ 2022ರಲ್ಲಿ ಗತಿಸಿದ ಬಳಿಕ ಉಳಿದಿಬ್ಬರು ಹೊರತಂದ ಮೆಮೆಂಟೋ ಮೋರಿ ಎಂಬ ಸಂಪುಟವನ್ನು ಕೇಳಿದವರಲ್ಲಿ, ಆ ಮೈದಾನದ ಕಚೇರಿಯ ಕಾಲಕ್ಕೆ ಹುಟ್ಟಿಯೇ ಇರದ ಮಕ್ಕಳೂ ಇದ್ದರು. ಹುಟ್ಟುವ ಮೊದಲಿನ ಯೌವನಕ್ಕೆ ಯಾರೂ ಹಂಬಲಿಸಲಾರರು. ಆ ಮಕ್ಕಳು ಕೇಳುತ್ತಿರುವುದು, ತಮ್ಮ ದುಃಖವನ್ನು ತಾವೇ ತುಂಬಿಕೊಳ್ಳಲು ಬಿಟ್ಟಿರುವ ಆ ತೆರಪನ್ನು.

ಈಗ ನಮ್ಮ ಭಾಗದಲ್ಲಿಯೂ ಲವ್ ಫೀಲಿಂಗ್ ಜಾನಪದವೆಂದು ಹೆಸರಾದ ಹಾಡುಗಳು ಕೀಬೋರ್ಡಿನ ಮೇಲೆ ಕಟ್ಟಲ್ಪಟ್ಟು, ಟ್ರ್ಯಾಕ್ಟರುಗಳಲ್ಲಿಯೂ ಮೊಬೈಲುಗಳಲ್ಲಿಯೂ ಹಗಲಿರುಳು ಮೊಳಗುತ್ತಿವೆ. ಅವುಗಳನ್ನು ಕೀಳೆಂದು ಕಡೆಗಣಿಸುವವರ ಪಕ್ಷ ನನ್ನದಲ್ಲ. ಗುಳೆ ಹೋದವರ, ಮಾತು ತಪ್ಪಿದವರ, ಬೇರೆ ಮನೆ ಸೇರಿದವರ ನೋವು ಅವುಗಳಲ್ಲಿ ನಿಜವಾಗಿಯೇ ಇದೆ. ಆದರೆ ಅಲ್ಲಿ ಕೀಬೋರ್ಡು ಕ್ಷಣವೂ ಸುಮ್ಮನಿರುವುದಿಲ್ಲ, ಹಾಡುವವನಿಗಿಂತ ಮೊದಲು ತಾನೇ ಬಿಕ್ಕುತ್ತದೆ. ಕಂಠವನ್ನಾದರೋ ತಂತ್ರಾಂಶದಲ್ಲಿ ಹಾಯಿಸಿ, ಅದರ ಬಿರುಕುಗಳನ್ನೆಲ್ಲ ಉಜ್ಜಿ ನುಣುಪು ಮಾಡಿರುತ್ತಾರೆ. ರಿವಾಯತ ಹಾಡಿ ಪಳಗಿದ ಕಂಠವೊಂದನ್ನು ಇದ್ದ ಹಾಗೆಯೇ ಬಿಟ್ಟು, ಅದರ ಹಿಂದೆ ನಾಲ್ಕು ಸ್ವರಗಳ ಕೀಬೋರ್ಡು, ಹಲಗಿಯ ಒಂದೇ ಸಮನಾದ ಪೆಟ್ಟು, ಇಷ್ಟನ್ನೇ ಇಟ್ಟು ಮುದ್ರಿಸುವವರು ಈ ಜಿಲ್ಲೆಯಲ್ಲಿ ಯಾರಾದರೂ ಮುಂದೆ ಬಂದರೆ, ಅದನ್ನು ವಿಯೆನ್ನಾದ ಪಕ್ಕದಲ್ಲಿಟ್ಟು ತೂಗಿ ನೋಡಲು ನಾನು ಹಿಂಜರಿಯುವುದಿಲ್ಲ.