ಬ್ಯಾಟರಿ ಕಾಯುವ ಜಾಣ್ಮೆ

ಹುಲಗೂರು ಸೀಮೆಯ ಗೋವಿನಜೋಳ ಹೇರಿಕೊಂಡು ಶಿಗ್ಗಾಂವಿಯಲ್ಲಿ ರಾಷ್ಟ್ರೀಯ ಹೆದ್ದಾರಿ 48 ಹಿಡಿಯುವ ಚಾಲಕರ ಒಂದು ಕಸುಬುಗಾರಿಕೆ ನನಗೆ ಬಲು ಮೆಚ್ಚು: ಎಂಜಿನ್ ನಿಲ್ಲಿಸಿ ಕ್ಯಾಬಿನ್‌ನಲ್ಲೇ ಮಲಗಿ, ಬೆಳಿಗ್ಗೆ ಸೆಲ್ಫ್ ಸ್ಟಾರ್ಟರ್‌ನ ಒಂದೇ ಯತ್ನಕ್ಕೆ ಗಾಡಿ ಚಾಲೂ ಮಾಡುವುದು.

ದೊಡ್ಡ ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳು ಸರಣಿಯಲ್ಲಿ ಸೇರಿ 24 ವೋಲ್ಟ್ ಕೊಡುತ್ತವೆ. ಮೊಬೈಲ್ ಚಾರ್ಜಿಗೆ ಒಂದರಿಂದಲೇ ವೈರು ಎಳೆದರೆ ಅದು ಬೇಗ ಸೋಲುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗುತ್ತದೆ, ಎರಡೂ ಹಾಳು. ಅದಕ್ಕೇ ಪಳಗಿದ ಚಾಲಕ ಎರಡೂ ಬ್ಯಾಟರಿಗಳ 24 ವೋಲ್ಟನ್ನು ಇಳಿಸಿ ಕೊಡುವ ಕನ್ವರ್ಟರ್ ಕೂರಿಸುತ್ತಾನೆ. 12 ವ್ಯಾಟಿನ ಫ್ಯಾನು 8 ತಾಸು ತಿರುಗಿದರೂ ಬಳಸುವುದು 4 ಆಂಪಿಯರ್-ಅವರ್ ಮಾತ್ರ. ಹೆಡ್‌ಲೈಟ್ ಉರಿದರೆ ಅದರ ಹತ್ತು ಪಟ್ಟಿಗೂ ಹೆಚ್ಚು. ಮೀಟರ್ 24.4ಕ್ಕೆ ಇಳಿದರೆ ಸುಮಾರು ಅರ್ಧ ಖಾಲಿಯೆಂದು ಅವನು ಬಲ್ಲ.

ಡೀಸೆಲ್ ಉಳಿಸಿ, ನಿದ್ದೆಯನ್ನೂ ಕೊಡುವ ಈ ವಿದ್ಯೆ ದೊಡ್ಡ ಗೌರವಕ್ಕೆ ಯೋಗ್ಯ.